ಗುಜರಿಗೆ ಹೋಗುವ ಮೊದಲು ಒಂದು ಮಾತು

ನಮ್ಮ ಅಂಕಲಿ ಕಡೆ ಚಹಾ ದಿನಾಲೂ ಕುಡಿಯುವಂಥದ್ದು, ಕಾಫಿ ಮದುವೆಯಲ್ಲಿ ಕುಡಿಯುವಂಥದ್ದು. ಶಾದಿ ಮಂಟಪದ ಮೂಲೆಯಲ್ಲಿ ಎತ್ತರದ ಮಷೀನು, ಅದರ ಮೇಲೆ 'ಎಸ್ಪ್ರೆಸ್ಸೊ ಕಾಫಿ' ಎಂಬ ಬರಹ, ಸುಂಯ್ ಎನ್ನುವ ಹಬೆ, ಕಪ್ ತುಂಬ ನೊರೆ, ಮೇಲೊಂದು ಚಿಟಿಕೆ ಪುಡಿ. ಚಿಕ್ಕವರಿದ್ದಾಗ ನಾವೆಲ್ಲ ಆ ಸಾಲಿನಲ್ಲಿ ಎರಡೆರಡು ಸಲ ನಿಂತವರೇ.

ನನ್ನ ಅಬ್ಬಾ ಅಂಥ ಮಷೀನನ್ನು ಮದುವೆಗಳಿಗೆ ಒಯ್ಯುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿವರೆಗೂ ಹೋಗುತ್ತಾರೆ. ಈ ವರ್ಷ ಹೊಸದು ತಂದರು. ತಾಮ್ರದ ಬಾಯ್ಲರ್, ಹಿತ್ತಾಳೆ ನಲ್ಲಿ, ಗಾಜು ಒಡೆದ ಪ್ರೆಶರ್ ಮೀಟರ್ ಇರುವ ಹಳೆಯದು ಹಿತ್ತಲಲ್ಲಿದೆ. ಗುಜರಿಯವರು ತೂಕ ಅಂದಾಜಿಸಿ ಬೆಲೆ ಹೇಳಿ ಹೋಗಿದ್ದಾರೆ. ಅದನ್ನು ಮಾರದೆ ನಮ್ಮ ಕಾಲೇಜಿನಲ್ಲಿ ಇಡಬೇಕು ಎಂಬುದು ನನ್ನ ಅಭಿಪ್ರಾಯ. ಗೆಳೆಯರು ನಕ್ಕರು. ನಗಲಿ.

ಇಟಲಿಯಲ್ಲಿ ಮಿಲಾನ್ ನಗರದ ಹತ್ತಿರ ಬಿನಾಸ್ಕೊ ಎಂಬ ಊರಿದೆ. ಅಲ್ಲಿ 2012ರಲ್ಲಿ ಕಾಫಿ ಮಷೀನುಗಳದ್ದೇ ಒಂದು ಮ್ಯೂಸಿಯಂ ತೆರೆಯಿತು. ಚಿಂಬಾಲಿ ಕಂಪನಿಯ ಹಳೆಯ ಮಷೀನುಗಳ ಜೊತೆ ಎನ್ರಿಕೊ ಮಾಲ್ಟೊನಿ ಎಂಬ ಸಂಗ್ರಾಹಕರು ಕೂಡಿಹಾಕಿದ ಮಷೀನುಗಳೂ ಅಲ್ಲಿವೆ. ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯಿಂದ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಝೆರಾ ಅದನ್ನು ಒಂದೊಂದೇ ಕಪ್ ಇಳಿಸುವ ಹಾಗೆ ಮಾಡಿದರು. ಆ ಕಾಲದ ಮಷೀನುಗಳೂ ಎತ್ತರದ ಹಂಡೆಗಳೇ: ಕೆಳಗೆ ಬೆಂಕಿ, ಒಳಗೆ ನೀರು, ಮೇಲೆ ಸೇಫ್ಟಿ ವಾಲ್ವ್. ಅವುಗಳ ಫೋಟೊ ತೋರಿಸಿದಾಗ ಅಬ್ಬಾ ಅಂದದ್ದು ಇಷ್ಟೇ: "ಅರೆ, ಇದು ನಮ್ಮದೇ ಅಲ್ಲವಾ?"

ಪೂರ್ತಿ ನಮ್ಮದಲ್ಲ. ನಿಜವಾದ ಎಸ್ಪ್ರೆಸ್ಸೊದಲ್ಲಿ ಬಿಸಿನೀರು ಒತ್ತಡದಿಂದ ಕಾಫಿಪುಡಿಯ ಮೂಲಕ ಹಾಯಬೇಕು. ಬೆಝೆರಾ ಕಾಲದಲ್ಲಿ ಆ ಒತ್ತಡ ಒಂದೂವರೆ ಬಾರ್‌ನಷ್ಟಿತ್ತು. ಎರಡನೇ ಮಹಾಯುದ್ಧದ ನಂತರ ಅಕಿಲೆ ಗಾಜಿಯಾ ಅವರ ಲಿವರ್ ಮಷೀನು ಬಂದ ಮೇಲೆ ಸುಮಾರು 9 ಬಾರ್‌ಗೆ ಏರಿತು. ನಮ್ಮ ಮದುವೆ ಮಷೀನು ಅದನ್ನು ಮಾಡುವುದೇ ಇಲ್ಲ. ಜಗ್ಗಿನಲ್ಲಿರುವ ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿಯೊಳಗೆ ಹಬೆ ಬಿಡುತ್ತದೆ, ಅಷ್ಟೇ. ಹೆಸರು ಇಟಲಿಯದು, ಕೆಲಸ ನಮ್ಮ ರೂಢಿಯದು. ಹಾಗೆಂದು ಅದು ನಕಲಿ ಎಂದು ನನಗನಿಸುವುದಿಲ್ಲ. ಬಾಬಾ ಬುಡನ್ ಅವರು ಹಜ್‌ನಿಂದ ಮರಳುವಾಗ ಏಳು ಬೀಜ ತಂದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಊರಿಗೆ ಕಾಫಿ ತಂದ ಈ ಹಂಡೆಯ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇನ್ನು ಪಾಠದ ವಿಷಯ. ಒಂದು ಗ್ರಾಂ ಹಬೆ ನೀರಾಗುವಾಗ ಸುಮಾರು 2,260 ಜೂಲ್ ಶಾಖ ಬಿಡುತ್ತದೆ ಎಂದು ನಾವು ಬಾಯಿಪಾಠ ಮಾಡುತ್ತೇವೆ. ಒಂದು ಕಪ್ ಹಾಲು ಅರೆ ನಿಮಿಷದಲ್ಲಿ ಬಿಸಿಯಾಗುವುದು ಆ ಶಾಖದಿಂದಲೇ ಎಂದು ನನಗೆ ತಿಳಿದದ್ದು ಕ್ಲಾಸಿನಲ್ಲಲ್ಲ, ಅಬ್ಬಾನ ಪಕ್ಕ ನಿಂತು ಜಗ್ ಹಿಡಿದಾಗ. ಮೀಟರ್ ಮುಳ್ಳು 1ಕ್ಕೆ ಬಂದರೆ ಒಳಗಿನ ನೀರು ಸುಮಾರು 120 ಡಿಗ್ರಿ ಇರುತ್ತದೆ ಎಂಬುದು ಅಬ್ಬಾಗೆ ಗೊತ್ತಿಲ್ಲ. ಆದರೆ ನಲ್ಲಿ ಯಾವಾಗ ತಿರುಗಿಸಬೇಕೆಂದು ಸದ್ದಿನಿಂದಲೇ ಹೇಳುತ್ತಾರೆ.

ಅಮ್ಮಿಯ ಮಾತನ್ನೂ ಬರೆಯಬೇಕು. "ಮ್ಯೂಸಿಯಂ ಇಟಲಿಯವರು ಮಾಡಲಿ, ನಿನ್ನ ತಂಗಿಯ ಫೀ ಯಾರು ಕಟ್ಟುತ್ತಾರೆ?" ತಾಮ್ರಕ್ಕೆ ಒಳ್ಳೆಯ ಬೆಲೆಯಿದೆ, ಅಮ್ಮಿಯ ಲೆಕ್ಕ ತಪ್ಪಲ್ಲ. ಆದ್ದರಿಂದ ನಾನು ದಾನ ಕೊಡಿ ಎಂದು ಅಬ್ಬಾನನ್ನು ಕೇಳುತ್ತಿಲ್ಲ. ಗುಜರಿಯ ಬೆಲೆಯನ್ನೇ ನಾವು ವಿದ್ಯಾರ್ಥಿಗಳು ಕೂಡಿಸಿ ಕೊಡೋಣ. ಫಿಸಿಕ್ಸ್ ಲ್ಯಾಬಿನ ಕಿಟಕಿ ಬಳಿಯ ಖಾಲಿ ಮೂಲೆ ಸಾಕು. ಬಾಯ್ಲರ್ ಹಳೆಯದು, ಮತ್ತೆ ಉರಿ ಹಚ್ಚಬಾರದು. ಒಂದು ಬದಿ ಕತ್ತರಿಸಿ ಒಳಗಿನದು ಕಾಣುವಂತೆ ಇಟ್ಟರೆ ಇನ್ನೂ ಒಳ್ಳೆಯದು. ನಿಮ್ಮ ಮನೆಗಳಲ್ಲಿ ಹಳೆಯ ಪಂಪ್ ಸ್ಟೋ ಇದ್ದರೆ ಅದನ್ನೂ ಪಕ್ಕದಲ್ಲಿ ಇಡಬಹುದು.

ಗುಜರಿಯವರು ಬರುವ ಭಾನುವಾರ ಬರುತ್ತಾರೆ. ಅಬ್ಬಾ ಶನಿವಾರದವರೆಗೆ ಕಾಯುತ್ತೇನೆ ಎಂದಿದ್ದಾರೆ. ಹಣ ಸೇರಿಸುವವರು ದಯವಿಟ್ಟು ಅಷ್ಟರೊಳಗೆ ನನ್ನನ್ನು ಕಾಣಿ.