ಮೂರೇ ಮೂರು ಮೆಟ್ಟಿಲು

"ಮೂರೇ ಮೂರು ಮೆಟ್ಟಿಲಲ್ವಾ ಮೇಡಂ, ಅದಕ್ಯಾಕೆ ಇಷ್ಟು ಯೋಚ್ನೆ ಮಾಡ್ತೀರಿ? ಹುಡುಗ್ರು ಇರ್ತಾರೆ, ಎತ್ತಿ ಹತ್ತಿಸ್ತಾರೆ ಬಿಡಿ."

2009ರ ಜೂನ್ ತಿಂಗಳಲ್ಲಿ ನಮ್ಮ ಕಡೆಯ ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ಈ ಮಾತು ಕೇಳಿದೆ. ಕಾಲೇಜಿನ ಹೆಸರು ಬೇಡ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಬೇಕಾದರೂ ಕೇಳಬಹುದಾದ ಮಾತು ಅದು. ಹೇಳಿದವರು ಕೆಟ್ಟವರೂ ಅಲ್ಲ. ನನಗೆ ಕುರ್ಚಿ ಹಾಕಿ, ಕಾಫಿ ತರಿಸಿ, ಅರ್ಜಿ ತುಂಬಲು ತಮ್ಮ ಪೆನ್ನನ್ನೇ ಕೊಟ್ಟ ಸಜ್ಜನರು. ಕೆಟ್ಟವರು ಹೇಳಿದ್ದರೆ ಜಗಳವಾಡಿ ಮರೆತುಬಿಡುತ್ತಿದ್ದೆನೇನೋ. ಒಳ್ಳೆಯವರು ಹೇಳಿದ್ದರಿಂದ ಇಂದಿಗೂ ಮರೆಯಲಾಗಿಲ್ಲ.

ನಾನು ಕರೆದುಕೊಂಡು ಹೋಗಿದ್ದ ಹುಡುಗಿ ನನ್ನ ಶಿಷ್ಯೆ. ಮಗುವಾಗಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಶಕ್ತಿ ಹೋಗಿತ್ತು. ಕ್ಯಾಲಿಪರ್ ಕಟ್ಟಿಕೊಂಡು ಊರುಗೋಲಿನ ಮೇಲೆ ನಾಲ್ಕು ಹೆಜ್ಜೆ, ಉಳಿದದ್ದಕ್ಕೆಲ್ಲ ಮೂರು ಚಕ್ರದ ಸೈಕಲ್ಲು. ತಂದೆ ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿ. ನಮ್ಮ ಶಾಲೆ ಹಳೆಯ ಹೆಂಚಿನ ಕಟ್ಟಡ, ಹೊಸ್ತಿಲೊಂದು ಬಿಟ್ಟರೆ ಎಲ್ಲವೂ ನೆಲಮಟ್ಟ. ಅಲ್ಲಿ ಅವಳು ಯಾರ ಹಂಗೂ ಇಲ್ಲದೆ ಓದಿದಳು. ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿ ಆಯಿತು, ಬಿಎ ಓದಿ ನನ್ನ ಹಾಗೆ ಟೀಚರಾಗಬೇಕೆಂದಳು. ಆ ಆಸೆ ಹುಟ್ಟಿಸಿದವಳು ನಾನೇ.

ಆ ಮೂರು ಮೆಟ್ಟಿಲು ಬರೀ ಬಾಗಿಲಿನವರೆಗೆ. ಬಿಎ ತರಗತಿ ನಡೆಯುತ್ತಿದ್ದದ್ದು ಮಹಡಿಯಲ್ಲಿ, ಅದಕ್ಕೆ ಇನ್ನೂ ಇಪ್ಪತ್ತೆರಡು ಮೆಟ್ಟಿಲು. ಹೆಣ್ಣುಮಕ್ಕಳ ಶೌಚಾಲಯ ಕಟ್ಟಡದ ಹಿಂದೆ, ಜಲ್ಲಿಕಲ್ಲು ದಾಟಿ, ಮತ್ತೆರಡು ಮೆಟ್ಟಿಲು ಹತ್ತಿ. ಅದರ ಬಾಗಿಲು ಎಷ್ಟು ಇಕ್ಕಟ್ಟೆಂದರೆ ಊರುಗೋಲು ಹಿಡಿದವರು ಅಡ್ಡಡ್ಡ ತಿರುಗಿ ನುಗ್ಗಬೇಕು. ಗೆಳತಿಯರು ಸೊಂಟ ಹಿಡಿದು ಹತ್ತಿಸಿದರು. ಅವರು ಬಾರದ ದಿನ ಹುಡುಗರು ಕುರ್ಚಿಸಮೇತ ಎತ್ತಿದರು. ಹದಿನೆಂಟು ವರ್ಷದ ಹೆಣ್ಣುಮಗಳನ್ನು ದಿನವೂ ನಾಲ್ಕು ಜನ ಗಂಡುಹುಡುಗರು ಎತ್ತಿ ಇಳಿಸುವುದೆಂದರೆ ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಹಾಯ ಮಾಡಿದ ಹುಡುಗರ ಮೇಲೆ ನನಗೆ ದೂರಿಲ್ಲ. ಆ ಸಹಾಯ ಬೇಕೇಬೇಕೆನ್ನುವ ಹಾಗೆ ಕಟ್ಟಡ ಕಟ್ಟಿದವರ ಮೇಲಿದೆ.

ಎರಡನೆಯ ವರ್ಷ ಮುಗಿಯುವ ಮುನ್ನವೇ ಅವಳು ಕಾಲೇಜು ಬಿಟ್ಟಳು. ಮನೆಗೆ ಹೋಗಿ ಕೇಳಿದೆ, "ಯಾಕಮ್ಮ ಬಿಟ್ಟೆ?"

"ಬೆಳಿಗ್ಗೆಯಿಂದ ನೀರೇ ಕುಡೀತಿರ್ಲಿಲ್ಲ ಮಿಸ್. ಕುಡಿದ್ರೆ ಹೋಗ್ಬೇಕಲ್ಲ. ಆಮೇಲೆ ಉರಿ ಶುರುವಾಯ್ತು, ಜ್ವರ ಬಂತು. ಡಾಕ್ಟ್ರು ನೀರು ಕುಡಿ ಅಂತಾರೆ, ಕಾಲೇಜಿಗೆ ಹೋದ್ರೆ ಕುಡಿಯೋ ಹಾಗಿಲ್ಲ. ಎರಡರಲ್ಲಿ ಒಂದು ಬಿಡ್ಬೇಕಿತ್ತು."

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಎಂದು ಬಿದ್ದಿರುತ್ತದೆ. ಬಾಯಾರಿಕೆ ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ.

ನಮ್ಮಲ್ಲಿ ಹೆಸರು ಬದಲಾಯಿಸುವುದಕ್ಕೆ ಮಾತ್ರ ಎಂದೂ ಸೋಮಾರಿತನವಿಲ್ಲ. 2007ರಲ್ಲಿ ನಾವು ರಾಮನಗರ ಜಿಲ್ಲೆಯವರಾದೆವು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯವರಾದೆವು. ಅವಳನ್ನೂ ಮೊದಲು ಅಂಗವಿಕಲೆ ಎಂದರು, ಆಮೇಲೆ ವಿಕಲಚೇತನೆ, ಈಗ ವಿಶೇಷಚೇತನೆ, ದೆಹಲಿಯ ಭಾಷೆಯಲ್ಲಿ ದಿವ್ಯಾಂಗೆ. ಹೆಸರು ದಿವ್ಯವಾಗುತ್ತಾ ಹೋಯಿತು. ಮೆಟ್ಟಿಲು ಇದ್ದಲ್ಲೇ ಇದೆ.

ಕಾನೂನಿಲ್ಲವೇ ಎಂದು ಕೇಳಬೇಡಿ, ಬೇಕಾದಷ್ಟಿದೆ. 1995ರ ಕಾಯಿದೆಯೇ ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ಬೇಕೆಂದಿತು. ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಮಾತನ್ನೂ ಸೇರಿಸಿತು. ಬೇಲಿ ಹಾಕಿ ಅದರಲ್ಲೇ ಗಿಂಡಿ ಬಿಟ್ಟ ಹಾಗೆ. 2016ರ ಹೊಸ ಕಾಯಿದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸೀಟು ಮೀಸಲಿಡಬೇಕು, ನಿಯಮಕ್ಕೆ ಹೊಂದದ ನಕ್ಷೆಗೆ ಪರವಾನಗಿಯನ್ನೇ ಕೊಡಕೂಡದು, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕು ಎಂದಿತು. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರ ಜೂನ್‌ನಲ್ಲಿ. ಅದೇ 2022ರಲ್ಲಿ ಯುಜಿಸಿಯೂ ಕಾಲೇಜು, ವಿಶ್ವವಿದ್ಯಾನಿಲಯಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರತುರಿ ಅವರ ಪ್ರಕರಣದಲ್ಲಿ, ಕಡ್ಡಾಯವಾಗಬೇಕಾದ್ದನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟಿರುವುದು ಕಾಯಿದೆಗೇ ವಿರುದ್ಧವೆಂದು ಹೇಳಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಆದೇಶಿಸಿತು. ಹೀಗೆ ಹುಡುಗಿಗೆ ಸೀಟು ಕಾಗದದ ಮೇಲೆ ಸಿಕ್ಕಿದೆ. ಆ ಸೀಟಿನವರೆಗೆ ಹೋಗುವ ದಾರಿ ಮಾತ್ರ ಸಿಕ್ಕಿಲ್ಲ.

ದುಡ್ಡಿಲ್ಲ ಎನ್ನುತ್ತಾರೆ. ನಮ್ಮ ಪಟ್ಟಣಗಳ ಯಾವ ಬೀದಿಯಲ್ಲಾದರೂ ನಡೆದು ನೋಡಿ. ಒಂದೊಂದು ಮನೆಯ ಮುಂದೆಯೂ ಸಿಮೆಂಟಿನ ಇಳಿಜಾರು ಇದೆ. ಯಾರಿಗೆ? ಸ್ಕೂಟರಿಗೆ! ಪಾಯ ತೆಗೆಯುವಾಗಲೇ ಮೇಸ್ತ್ರಿಗೆ ಹೇಳುತ್ತೇವೆ, "ಗಾಡಿ ಒಳಗೆ ಬರೋ ಹಾಗೆ ಮಾಡಪ್ಪ" ಎಂದು. ಗಾಡಿಯ ಚಕ್ರಕ್ಕೆ ಮೆಟ್ಟಿಲು ಹತ್ತಲು ಬಾರದು ಎಂಬ ಜ್ಞಾನ ನಮಗೆಲ್ಲರಿಗೂ ಇದೆ. ಗಾಲಿಕುರ್ಚಿಯ ಚಕ್ರಕ್ಕೂ ಬಾರದು ಎಂಬುದೇಕೆ ಹೊಳೆಯುವುದಿಲ್ಲ? ಗುದ್ದಲಿ ಪೂಜೆಗೆ ಮೊದಲೇ ನಕ್ಷೆಯಲ್ಲಿ ಸೇರಿದರೆ ಇಡೀ ಕಟ್ಟಡದ ವೆಚ್ಚದಲ್ಲಿ ಒಂದು ಇಳಿಜಾರು ಲೆಕ್ಕಕ್ಕೇ ಬಾರದು. ಕಟ್ಟಿದ ಮೇಲೆ ಒಡೆದು ಮಾಡಹೊರಟರೆ ಖರ್ಚು ಜಾಸ್ತಿ ನಿಜ. ಆದರೆ ಆ ಖರ್ಚು ಹುಡುಗಿ ತಂದದ್ದಲ್ಲ, ನಕ್ಷೆ ಬರೆದವರ ಮರೆವು ತಂದದ್ದು.

ಇನ್ನು ದುಡ್ಡೇ ಬೇಡದ ಕೆಲಸಗಳಿವೆ. ಅವಳ ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಿ, ಕೆಳಗಿದ್ದ ಕಚೇರಿಯ ಹಳೆಯ ಕಡತಗಳ ಬೀರುಗಳನ್ನು ಮಹಡಿಗೆ ಹತ್ತಿಸಬಹುದಿತ್ತು. ವೇಳಾಪಟ್ಟಿ ಬರೆಯುವವರು ಒಂದು ಗಂಟೆ ಕುಳಿತಿದ್ದರೆ ಮುಗಿಯುತ್ತಿತ್ತು. ಕಡತಗಳಿಗೆ ನೆಲಮಹಡಿ, ಕಾಲಿಲ್ಲದ ಹುಡುಗಿಗೆ ಮೇಲ್ಮಹಡಿ, ಇದು ಯಾವ ನ್ಯಾಯ?

"ಅಂಥವರು ಎಷ್ಟು ಜನ ಬರ್ತಾರೆ ಮೇಡಂ, ಒಬ್ಬರೋ ಇಬ್ಬರೋ" ಎಂಬುದು ಎರಡನೆಯ ವಾದ. 2011ರ ಜನಗಣತಿಯಲ್ಲಿ ಕರ್ನಾಟಕವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಮಂದಿ ಅಂಗವಿಕಲರಿದ್ದರು. ಅವರೆಲ್ಲ ಎಲ್ಲಿ? ಬಾಗಿಲು ಹಾಕಿಕೊಂಡು, ಯಾರೂ ಊಟಕ್ಕೆ ಬರಲಿಲ್ಲ ಎಂದು ಎಲೆ ಎಣಿಸುವವರಿಗೆ ಏನು ಹೇಳುವುದು? ಪೋಲಿಯೊ ಹೋಯಿತಲ್ಲ ಎಂದೂ ಕೆಲವರು ಹೇಳುತ್ತಾರೆ. ಹೌದು, 2014ರಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು, ಸಂತೋಷ. ಆದರೆ ನಾವಿರುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ. ಒಂದು ಅಪಘಾತ ಸಾಕು, ನೆನ್ನೆಯವರೆಗೆ ಮೆಟ್ಟಿಲು ಹಾರಿ ಹತ್ತುತ್ತಿದ್ದ ಹುಡುಗ ನಾಳೆ ಗಾಲಿಕುರ್ಚಿಯಲ್ಲಿರುತ್ತಾನೆ. ಏಳು ತಿಂಗಳ ಬಸುರಿಯರು ಪರೀಕ್ಷೆ ಬರೆಯಲು ಬರುವುದನ್ನು ನೋಡಿದ್ದೇನೆ. ಮಂಡಿನೋವಿನ ನಾನೇ ಕಂಬಿಯಿಲ್ಲದ ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯುತ್ತೇನೆ.

ಹಾಗಾದರೆ ಎಲ್ಲೂ ಇಳಿಜಾರೇ ಇಲ್ಲವೇ? ಇದೆ. ತಪಾಸಣೆಗೆ ಬರುವವರ ಕಣ್ಣಿಗೆ ಕಟ್ಟಿದ್ದು. ಒಂದು ಕಡೆ ಅದು ಎಷ್ಟು ಕಡಿದಾಗಿತ್ತೆಂದರೆ ಇಳಿಯುವಾಗ ಗಾಲಿಕುರ್ಚಿ ನೇರ ಗೇಟಿಗೇ ಹೋಗಿ ನಿಲ್ಲಬೇಕು. ಇನ್ನೊಂದು ಕಡೆ ಅದರ ತುಂಬ ಹೂಕುಂಡ. ಮಗದೊಂದು ಕಡೆ ಗಾಲಿಕುರ್ಚಿಯ ಚಿತ್ರ ಬರೆದ ಶೌಚಾಲಯಕ್ಕೆ ಬೀಗ, ಒಳಗೆ ಮುರಿದ ಡೆಸ್ಕು. ಬೀಗದ ಕೈ ಯಾರ ಬಳಿ? ರಜೆಯಲ್ಲಿರುವ ಅಟೆಂಡರ ಬಳಿ. ನೆಲಕ್ಕೆ ನಮ್ಮ ಕನಕಪುರದ ಬಂಡೆಯನ್ನೇ ಕೊಯ್ದು ಕನ್ನಡಿಯಂತೆ ಹೊಳಪು ಕೊಟ್ಟ ಗ್ರಾನೈಟು. ಮಳೆಗಾಲದಲ್ಲಿ ನೆಟ್ಟಗೆ ಕಾಲಿರುವವರೂ ಅದರ ಮೇಲೆ ಜಾರಬೇಕು. ಕಣ್ಣು ಕಾಣದ ಮಕ್ಕಳಿಗೆ ಮೆಟ್ಟಿಲು ಎಲ್ಲಿ ಶುರುವೆಂದು ತಿಳಿಸುವ ಒರಟು ಪಟ್ಟಿಯಿಲ್ಲ, ಮಂದದೃಷ್ಟಿಯವರಿಗೆ ಅಂಚಿನಲ್ಲಿ ಒಂದು ಹಳದಿ ಗೆರೆಯೂ ಇಲ್ಲ.

ಚುನಾವಣೆಯ ಕೆಲಸಕ್ಕೆ ಹೋದಾಗ ನಾನು ಇನ್ನೊಂದು ಸೋಜಿಗ ಕಂಡೆ. ಮತದಾನದ ದಿನ ಬಾಗಿಲಿಗೆ ಹಲಗೆಯ ಇಳಿಜಾರು, ಪಕ್ಕದಲ್ಲಿ ಗಾಲಿಕುರ್ಚಿ, ತಳ್ಳಲು ಒಬ್ಬ ಸ್ವಯಂಸೇವಕ. 2023ರ ವಿಧಾನಸಭಾ ಚುನಾವಣೆಯಲ್ಲಂತೂ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲೇ ಮತ ಹಾಕುವ ಏರ್ಪಾಡಾಯಿತು. ಬಹಳ ಒಳ್ಳೆಯದು. ಮಾರನೆಯ ದಿನ ಹಲಗೆ ಹೋಯಿತು, ಕುರ್ಚಿ ಹೋಯಿತು. ಅಂದರೆ ಮಾಡಲು ಬರುತ್ತದೆ. ಮನಸ್ಸಿದ್ದರೆ ಒಂದೇ ದಿನದಲ್ಲಿ ಬರುತ್ತದೆ. ಓಟಿಗೆ ಬೇಕಾದ ಹುಡುಗಿ ಪಾಠಕ್ಕೆ ಬೇಡವೇ?

ಮೈಸೂರಿನಲ್ಲಿ ಅಂಗವಿಕಲರಿಗೆಂದೇ 1991ರಲ್ಲಿ ಜೆಎಸ್ಎಸ್ ಪಾಲಿಟೆಕ್ನಿಕ್ ಶುರುವಾಯಿತಲ್ಲ, ಅಲ್ಲಿಗೆ ಕಳಿಸಬಹುದಿತ್ತಲ್ಲ ಎಂದು ಒಬ್ಬರು ನನಗೆ ಬುದ್ಧಿ ಹೇಳಿದರು. ಅಂಥ ಸಂಸ್ಥೆ ಇರುವುದು ನಮ್ಮ ಪುಣ್ಯ, ಡಿಪ್ಲೊಮಾ ಬೇಕಾದವರು ಹೋಗಲಿ. ಆದರೆ ಕನ್ನಡ, ಇತಿಹಾಸ ಓದಬೇಕೆಂದವಳು ತನ್ನ ಊರಿನ ಕಾಲೇಜಿಗೆ, ತನ್ನ ಗೆಳತಿಯರ ಜೊತೆ ಹೋಗಲು ಏಕೆ ಬಯಸಬಾರದು? ಉಳಿದ ಹುಡುಗಿಯರಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆಯೇ?

ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿ. ಹಾಲೆ ಮರವನ್ನು ಕಡೆದು, ಎಲ್ಲೂ ಮೊನೆಯಿಲ್ಲದಂತೆ ದುಂಡಗೆ ಮಾಡುತ್ತಾರೆ. ಮಗು ಬೊಂಬೆಯನ್ನು ಬಾಯಿಗಿಡುತ್ತದೆಂದು ಅವರಿಗೆ ಗೊತ್ತು. ಆ ವಿವೇಕಕ್ಕೆ ಎಂಜಿನಿಯರಿಂಗ್ ಪದವಿ ಬೇಕಾಗಲಿಲ್ಲ. ಇದನ್ನು ಬಳಸುವವರು ಯಾರು ಎಂದು ಕೈ ಹಾಕುವ ಮುಂಚೆ ಕೇಳಿಕೊಂಡರೆ ಸಾಕು.

ಇಷ್ಟು ಓದಿ ನಿಟ್ಟುಸಿರು ಬಿಟ್ಟು ಪುಟ ಮಗುಚಬೇಡಿ. ನಿಮ್ಮ ಮನೆಯ ಹೊಲಿಗೆ ಡಬ್ಬಿಯಲ್ಲಿ ಟೇಪು ಇದೆ. ಮಗಳನ್ನೋ ಸೊಸೆಯನ್ನೋ ಕಾಲೇಜಿಗೆ ಸೇರಿಸಲು ಹೋದಾಗ ಅದನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ಬಾಗಿಲು ಅಳೆಯಿರಿ, ಮೂರಡಿ ತೆರಪು ಇರಬೇಕು. ಇಳಿಜಾರು ಅಳೆಯಿರಿ, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಆರಿಂಚಿನ ಮೂರು ಮೆಟ್ಟಿಲಿದ್ದರೆ ಹದಿನೆಂಟಡಿ ಇಳಿಜಾರು, ಎರಡೂ ಕಡೆ ಕಂಬಿ. ಶೌಚಾಲಯದಲ್ಲಿ ಗಾಲಿಕುರ್ಚಿ ತಿರುಗಲು ಐದಡಿ ಜಾಗ, ಗೋಡೆಗೆ ಹಿಡಿ, ಹೊರಕ್ಕೆ ತೆರೆಯುವ ಬಾಗಿಲು. ಆಮೇಲೆ ಗೇಟಿನಿಂದ ಬೆಂಚಿಗೆ, ಬೆಂಚಿನಿಂದ ಲೈಬ್ರರಿಗೆ, ಶೌಚಾಲಯಕ್ಕೆ ನಡೆದು ನೋಡಿ. ನಡುವೆ ಒಂದೇ ಒಂದು ಮೆಟ್ಟಿಲಿದ್ದರೂ ಉಳಿದದ್ದೆಲ್ಲ ವ್ಯರ್ಥ. ಬೀಗದ ಕೈ ಎಲ್ಲಿದೆ ಎಂದು ಕೇಳಿ. ಕೇಳಿದ್ದನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಮಗಳಿಗೆ ಕಾಲು ಸರಿಯಿದ್ದರೂ ಕೇಳಿ, ಆಗ ಅದಕ್ಕೆ ಬೆಲೆ ಹೆಚ್ಚು. ಬೇಡುವ ದನಿ ಬೇಡ. ಇದು ದಾನವಲ್ಲ, ಕಾನೂನು.

ನನ್ನ ಶಿಷ್ಯೆ ಈಗ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಕೈಕೆಲಸ ಚೆಂದ, ಊರಿನವರೆಲ್ಲ ಅವಳ ಬಳಿಗೇ ಬರುತ್ತಾರೆ. "ಸದ್ಯ, ತನ್ನ ಕಾಲ ಮೇಲೆ ತಾನು ನಿಂತ್ಕೊಂಡ್ಳಲ್ಲ" ಎಂದು ಅವಳೆದುರಿಗೇ ಹೇಳುತ್ತಾರೆ. ಅವಳು ನಗುತ್ತಾಳೆ. ಹೋದ ವರ್ಷ ನನ್ನ ಅಳತೆ ತೆಗೆದುಕೊಳ್ಳುತ್ತಾ ಕೇಳಿದಳು, "ಮಿಸ್, ಆ ಕಾಲೇಜಲ್ಲಿ ಈಗ ಮೆಟ್ಟಿಲು ಹಂಗೇ ಇದೆಯಾ?"

ಹೌದಮ್ಮ, ಹಾಗೇ ಇದೆ ಎಂದೆ. ಈ ಬರಹ ಅವಳಿಗೆ ನಾನು ಕೊಡಬೇಕಾದ ಉತ್ತರದ ಉಳಿದ ಭಾಗ.