ಹಿಂದಿನ ಶಾಕರ್‌ಗೆ ದುಡ್ಡು ಕೊಡುವ ಮುನ್ನ

ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಕಲ್ಲುದಾರಿಯಲ್ಲಿ ಸ್ನೇಹಿತರೊಬ್ಬರ ಫುಲ್ ಸಸ್ಪೆನ್ಷನ್ ಸೈಕಲ್ ಓಡಿಸಿ ನೋಡಿದೆವು. ಇಳಿಜಾರಿನಲ್ಲಿ ಸೊಂಟಕ್ಕೆ ಪೆಟ್ಟಿಲ್ಲ, ಹಿಂದಿನ ಟೈರ್ ನೆಲ ಬಿಡಲಿಲ್ಲ. ಅದರ ಶಾಕರ್‌ನಲ್ಲಿ ಇರುವುದು ಗಾಳಿ. ಸವಾರ ಕೂತಾಗ ಶೇ. 25ರಿಂದ 30ರಷ್ಟು ಕುಗ್ಗುವಂತೆ ಪಂಪಿನಿಂದ ಹೊಂದಿಸಬೇಕು. ಏರು ಬಂದರೆ ಲಿವರ್ ತಿರುಗಿಸಿ ಬಿಗಿ ಮಾಡಬಹುದು.

ನಮ್ಮ ಮಕ್ಕಳು ಹಟ ಹಿಡಿಯುವ ಅಗ್ಗದ ಡಬಲ್ ಶಾಕರ್ ಸೈಕಲ್‌ನಲ್ಲಿ ಇರುವುದು ಬರೀ ಸ್ಪ್ರಿಂಗ್. ತೂಕ ಹೆಚ್ಚು. ತುಳಿದಾಗೆಲ್ಲ ಸೀಟು ಕುಣಿಯುತ್ತದೆ, ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಸ್ಪ್ರಿಂಗೇ ನುಂಗುತ್ತದೆ. ದಿನಾ ಶಾಲೆಗೆ ತುಳಿಯುವ ಮಗುವಿಗೆ ಅದು ಹೊರೆ.

ಅದೇ ದುಡ್ಡಿಗೆ ಹಿಂದೆ ಸ್ಪ್ರಿಂಗ್ ಇಲ್ಲದ, ಒಳ್ಳೆಯ ಬ್ರೇಕ್, ದಪ್ಪ ಟೈರ್ ಇರುವ ಸೈಕಲ್ ಕೊಡಿಸಿ. ಕೊಳ್ಳುವ ಮೊದಲು ಮಗುವಿನಿಂದಲೇ ಒಂದು ಏರು ಹತ್ತಿಸಿ ನೋಡಿ. ಕಾಲೇ ಹೇಳುತ್ತದೆ.