ಕಲಿತ ಕೈಗೂ ಎರಡನೆಯ ಸಿಂಪರಣೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಊರೆಂದರೆ ಒತ್ತಾಗಿ ಕೂಡಿದ ಬೀದಿಯಲ್ಲ; ಗುಡ್ಡಕ್ಕೊಂದು, ಕಣಿವೆಗೊಂದು ಎಂಬಂತೆ ಚದುರಿದ ಒಂಟಿಮನೆಗಳ ಸಮೂಹ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರಿನಾಚೆ ಉಳಿದ ತುಮರಿಯ ಜನರು, ಇರುಳಿನಲ್ಲಿ ರೋಗಿಯನ್ನು ಹೊತ್ತುತಂದು ಲಾಂಚಿಲ್ಲದ ದಡದಲ್ಲಿ ಅನುಭವಿಸುತ್ತಿದ್ದ ಅಸಹಾಯಕತೆಯು, 2025ರ ಜುಲೈ 14ರಂದು ಸಿಗಂದೂರು ಸೇತುವೆ ಲೋಕಾರ್ಪಣೆಗೊಂಡ ಮೇಲೆ ಬಹುಮಟ್ಟಿಗೆ ನೀಗಿತೆಂಬುದು ಸಂತೋಷದ ಸಂಗತಿಯೇ ಸರಿ. ಆದರೆ ನಿಂತ ಹೃದಯವು ಸೇತುವೆ ದಾಟುವವರೆಗೆ ಕಾಯುವುದಿಲ್ಲ.

ಬಡಿತ ನಿಂತ ನಾಲ್ಕಾರು ನಿಮಿಷಗಳಲ್ಲಿಯೇ ಪ್ರಾಣವಾಯುವಿಲ್ಲದೆ ಮಿದುಳು ಹಾನಿಗೊಳ್ಳತೊಡಗುತ್ತದೆ. 108ರ ಆಂಬುಲೆನ್ಸು ಘಟ್ಟದ ತಿರುವುಗಳನ್ನು ಸುತ್ತಿ ತೋಟದ ದಣಪೆಯ ಬಳಿಗೆ ಬರುವುದು ಅಷ್ಟರೊಳಗೆ ಅಸಾಧ್ಯವಾದುದರಿಂದ, ರೋಗಿಯ ಪ್ರಥಮ ವೈದ್ಯನು ಅವನ ಮಗ್ಗುಲಲ್ಲಿರುವ ಹೆಂಡತಿ, ಮಗ ಅಥವಾ ಕೊನೆಗೌಡನೇ ಹೊರತು ಅನ್ಯನಲ್ಲ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯು ಹೃದಯಾಘಾತದ ತುರ್ತು ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗೆ ತಂದುದು ಸ್ತುತ್ಯವಾದರೂ, ಆಸ್ಪತ್ರೆಯ ಬಾಗಿಲವರೆಗೆ ಉಸಿರನ್ನು ಕಾಯ್ದುಕೊಡುವ ಭಾರ ನಮ್ಮದೇ.

ಬರಿಗೈಯಿಂದ ಎದೆಯನ್ನೊತ್ತಿ ರಕ್ತಸಂಚಾರವನ್ನು ನಡೆಸಬಹುದೆಂದು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಿಂದ ಲೋಕಕ್ಕೆ ಸಾರಿದವರಲ್ಲಿ ಪ್ರಮುಖನಾದ ಕೌವೆನ್‌ಹೋವೆನ್ ವೈದ್ಯನಾಗಿರದೆ ವಿದ್ಯುತ್ ಎಂಜಿನಿಯರನಾಗಿದ್ದನೆಂಬುದು, ಮಳೆಗಾಲದಲ್ಲಿ ಹರಿದುಬಿದ್ದ ತಂತಿಗಳ ನಡುವೆ ಬಾಳುವ ನಮಗೆ ಗಮನಾರ್ಹ. ಪ್ರಜ್ಞೆಯಿಲ್ಲದೆ, ಸಹಜವಾದ ಉಸಿರಾಟವೂ ಇಲ್ಲದೆ ಬಿದ್ದವನನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಅಂಗೈಯ ಬುಡವನ್ನೂರಿ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತತಕ್ಕದ್ದು. ಒತ್ತಿದ ಎದೆ ಪ್ರತಿಸಲವೂ ಪೂರ್ತಿಯಾಗಿ ಮೇಲೇಳಬೇಕು. ಶಾಕ್ ಹೊಡೆದವನನ್ನು ಮುಟ್ಟುವ ಮುನ್ನ ವಿದ್ಯುತ್ತನ್ನು ಕಡಿಯಬೇಕು; ತುಂಗೆಯ ಮಡುವಿನಿಂದ ಎತ್ತಿತಂದವನಿಗೆ, ಕಲಿತವರು ಪ್ರತಿ 30 ಒತ್ತುಗಳಿಗೆ ಎರಡು ಸಲ ಬಾಯಿಂದ ಉಸಿರನ್ನೂ ಊದಬೇಕು.

ಸಿಪಿಆರ್ ಎಂದು ಕರೆಯುವ ಈ ವಿಧಾನವನ್ನು ಓದಿ ಅರಿಯುವುದು ಸುಲಭ, ಕೈಗೆ ಕಲಿಸುವುದು ಕಷ್ಟ, ಕಲಿತ ಕೈ ಮರೆಯದಂತೆ ಕಾಯುವುದು ಇನ್ನೂ ಕಷ್ಟ. ಸಿಪಿಆರ್ ತರಬೇತಿಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಎರಡೇ ವರ್ಷದ ಆಯುಸ್ಸು. ಒತ್ತಿನ ಆಳ, ಲಯಗಳಾದರೋ ಕೆಲವೇ ತಿಂಗಳಲ್ಲಿ ಮಸುಕಾಗುತ್ತವೆ. ಇದರ ಮರ್ಮವನ್ನು ಅಡಿಕೆ ಬೆಳೆಗಾರನಿಗೆ ಯಾರೂ ಬೋಧಿಸಬೇಕಾಗಿಲ್ಲ. ಮುಂಗಾರಿಗೆ ಮುನ್ನ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಿದೆನೆಂಬ ಧೈರ್ಯದಿಂದ ಅವನು ಆಶ್ಲೇಷಾ ಮಳೆಯವರೆಗೆ ಸುಮ್ಮನೆ ಕೂರುವನೆ? ನಲವತ್ತು, ನಲವತ್ತೈದು ದಿನಗಳಾಗುತ್ತಲೇ ಹೊಳವು ಕಂಡ ಗಳಿಗೆಯಲ್ಲಿ ಎರಡನೆಯ ಸಿಂಪರಣೆ ಮಾಡಿಸದಿದ್ದರೆ ಕೊನೆಗಳು ಕೊಳೆಗೆ ತುತ್ತಾಗುತ್ತವೆಂದು ಅವನು ಬಲ್ಲ.

ಆದುದರಿಂದ ನಮ್ಮ ಸಹಕಾರ ಸಂಘಗಳು, ಸದಸ್ಯರು ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕೊಳ್ಳಲು ಬರುವ ಆ ದಿನಗಳಲ್ಲಿಯೇ, ತರಬೇತಾದ ದಾದಿಯೊಬ್ಬರನ್ನು ಕರೆಸಿ, ಒತ್ತಿ ಅಭ್ಯಾಸ ಮಾಡುವ ಬೊಂಬೆಯೊಂದನ್ನು ಗೋದಾಮಿನ ನೆಲದ ಮೇಲೆ ಮಲಗಿಸಲಿ. ವರ್ಷಕ್ಕೊಮ್ಮೆ ಪ್ರತಿಯೊಬ್ಬನೂ ಅದರ ಮುಂದೆ ಮಂಡಿಯೂರಿ, ಹೋದ ವರ್ಷದ ಕಲಿಕೆ ತನ್ನ ಕೈಯಲ್ಲಿ ಎಷ್ಟು ಉಳಿದಿದೆಯೆಂದು ನೋಡಿಕೊಂಡು ಮೂಟೆಯನ್ನು ಹೊರಲಿ.